ಗಂಗೋತ್ರಿಯಲ್ಲಿ ಸೀಟು ಸಿಕ್ಕಿದೆ, ಮಾವ ಬೆಂಗಳೂರಿಗೆ ಬಾ ಅಂತಿದ್ದಾರೆ

ಪತ್ರ: ಅಕ್ಕ, ನಾನು ಹುಣಸೂರು ತಾಲ್ಲೂಕಿನ ಹಳ್ಳಿಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಈ ವರ್ಷ ಬಿ.ಎಸ್ಸಿ ಮುಗಿಸಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿಗೆ ಮೆರಿಟ್ ಸೀಟು ಸಿಕ್ಕಿದೆ. ಆದರೆ ಬೆಂಗಳೂರಿನ ಸೋದರಮಾವ ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾನಿಲಯದಲ್ಲಿ ಸೀಟು ಮಾಡಿಸಿ, 25,000 ರೂಪಾಯಿ ಅಡ್ವಾನ್ಸ್ ಕೂಡ ಕಟ್ಟಿದ್ದಾರೆ. ಎರಡು ವರ್ಷಕ್ಕೆ 3 ಲಕ್ಷ ಆಗುತ್ತದಂತೆ. ‘ಅಲ್ಲಿ ಪ್ಲೇಸ್‌ಮೆಂಟ್ ಇದೆ, ನಮ್ಮನೇಲೇ ಇದ್ದು ಓದಲಿ, ಗಂಗೋತ್ರಿಯಲ್ಲಿ ಕೇಳೋರೇ ಇಲ್ಲ’ ಅಂತಾರೆ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ, ಸಾಲ ಮಾಡಿಯಾದರೂ ಓದಿಸ್ತೀನಿ ಅಂತಿದ್ದಾರೆ. ನಮ್ಮ ಕಾಲೇಜಿನಲ್ಲಿ ಮೇಷ್ಟ್ರಿಗೆಲ್ಲ ನಮ್ಮ ಹೆಸರು ಗೊತ್ತಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲೋ ಕಳೆದುಹೋಗ್ತೀನಿ ಅನ್ನೋ ಭಯ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಏನು ಮಾಡಲಿ?

ಉತ್ತರ: ತಂಗಿ, ನೀನು ಗಂಗೋತ್ರಿಗೇ ಸೇರು. ನನ್ನ ಅಭಿಪ್ರಾಯ ಇಷ್ಟು ನೇರ. ಆದರೆ ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಿ ನಿನ್ನನ್ನು ಕಳಿಸಿದರೆ ತಪ್ಪಾಗುತ್ತದೆ. ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಮೊದಲು ಆ ಅರ್ಧವನ್ನೇ ನೋಡೋಣ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಕಾಯಂ ಅಧ್ಯಾಪಕರ ಹುದ್ದೆಗಳು ಬಹಳಷ್ಟು ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರೇ ಎಷ್ಟೋ ಕಡೆ ಪಾಠದ ಭಾರ ಹೊತ್ತಿದ್ದಾರೆ. ಅವರಲ್ಲಿ ಒಳ್ಳೊಳ್ಳೆ ಮೇಷ್ಟ್ರುಗಳಿದ್ದಾರೆ, ಆದರೆ ಸಂಬಳ ತಡವಾದಾಗ, ನೇಮಕಾತಿ ಆದೇಶ ಬಾರದಾಗ ಪಾಠ ನಿಲ್ಲುತ್ತದೆ. ಫಲಿತಾಂಶ ತಡವಾಗಬಹುದು. ಒಂದು ಸಹಿಗಾಗಿ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್‌ಗೂ ಡಿಪಾರ್ಟ್‌ಮೆಂಟಿಗೂ ಓಡಾಡಬೇಕಾಗಬಹುದು. ಲ್ಯಾಬಿನಲ್ಲಿ ಒಂದು ಉಪಕರಣ ಕೆಟ್ಟರೆ ರಿಪೇರಿಗೆ ಟೆಂಡರು, ಮಂಜೂರಾತಿ ಅಂತ ತಿಂಗಳುಗಳೇ ಉರುಳಬಹುದು. ಇದನ್ನೆಲ್ಲ ತಿಳಿದುಕೊಂಡೇ ಹೋಗು.

ಇನ್ನು ಪ್ಲೇಸ್‌ಮೆಂಟ್ ವಿಷಯ. ಖಾಸಗಿಯವರೆಲ್ಲ ಸುಳ್ಳು ಹೇಳ್ತಾರೆ ಅಂತ ನಾನು ಹೇಳಲ್ಲ. ಆದರೆ ಬ್ರೋಷರ್‌ನಲ್ಲಿ ಮಿಂಚುವ ದೊಡ್ಡ ಪ್ಯಾಕೇಜುಗಳು ಸಾಮಾನ್ಯವಾಗಿ ಇಂಜಿನಿಯರಿಂಗ್, ಎಂಬಿಎ ಮಕ್ಕಳದ್ದು. ನೀನು ಫೋನ್ ಮಾಡಿ ಒಂದೇ ಒಂದು ವಿಷಯ ಕೇಳು: ಹೋದ ವರ್ಷ ನಿಮ್ಮಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿದವರು ಎಷ್ಟು ಜನ, ಅದರಲ್ಲಿ ಯಾರಿಗೆ ಯಾವ ಕಂಪನಿಯಲ್ಲಿ, ಎಷ್ಟು ಸಂಬಳಕ್ಕೆ ಕೆಲಸ ಆಯಿತು? ಬರಹದಲ್ಲಿ ಕೊಟ್ಟರೆ ನನ್ನ ಮಾತನ್ನು ಬದಿಗಿಟ್ಟು ಮತ್ತೆ ಯೋಚನೆ ಮಾಡು. ‘ನೂರಕ್ಕೆ ನೂರು ಅಸಿಸ್ಟೆನ್ಸ್ ಇದೆ’ ಅಂತ ತೇಲಿಸಿದರೆ ನಿನಗೇ ಗೊತ್ತಾಗುತ್ತದೆ. ಕೆಮಿಸ್ಟ್ರಿಯವರಿಗೆ ಕೆಲಸ ಇರುವುದು ಹೆಚ್ಚಾಗಿ ಜಿಗಣಿ, ಬೊಮ್ಮಸಂದ್ರ, ನಂಜನಗೂಡಿನ ಔಷಧ ಕಂಪನಿಗಳಲ್ಲಿ. ಅಲ್ಲಿ ಬೋರ್ಡಿನ ಮೇಲೆ ಒಂದು ರಿಯಾಕ್ಷನ್ ಬರೆದು ಮೆಕ್ಯಾನಿಸಂ ಹೇಳು ಅಂತಾರೆ, ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಮುಟ್ಟಿದ್ದೀಯಾ ಅಂತಾರೆ. ಅದಕ್ಕೆ ಉತ್ತರ ಇದ್ದವರು ಎಲ್ಲಿಂದ ಬಂದರೂ ಗೆಲ್ಲುತ್ತಾರೆ.

ಅಪ್ಪನ ಸಾಲದ ಬಗ್ಗೆ ನನಗೆ ತುಂಬಾ ಯೋಚನೆಯಾಯಿತು. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಒಂದು ವರ್ಷದ ರೇಟು ಇನ್ನೊಂದು ವರ್ಷ ಇರಲ್ಲ ಅನ್ನೋದು ನಿಮ್ಮ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೊಪ್ಪು ಹದ ಮಾಡುವ ಬ್ಯಾರನ್‌ನ ಸೌದೆಗೆ, ಗೊಬ್ಬರಕ್ಕೆ ಮಾಡಿದ ಸಾಲದ ಮೇಲೆ ಇದೂ ಸೇರಿಕೊಳ್ಳುತ್ತದೆ. ಬ್ಯಾಂಕಿನ ಶಿಕ್ಷಣ ಸಾಲವಾದರೆ ಓದು ಮುಗಿಯುವವರೆಗೆ ಕಂತು ಇರಲ್ಲ, ನಿಜ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಆ ಭಾರ ತಲೆ ಮೇಲಿದ್ದರೆ ಕೋರ್ಸ್ ಮುಗಿದ ತಕ್ಷಣ ಸಿಕ್ಕಿದ ಕೆಲಸಕ್ಕೆ ಸೇರಲೇಬೇಕಾಗುತ್ತದೆ. ಪಿಎಚ್.ಡಿ ಮಾಡೋಣ, ಸಂಶೋಧನೆಗೂ ಅಧ್ಯಾಪಕ ಕೆಲಸಕ್ಕೂ ಅರ್ಹತಾ ಪರೀಕ್ಷೆಯಾದ ನೆಟ್ ಅನ್ನು ಇನ್ನೊಂದು ಸಲ ಬರೆಯೋಣ ಅನ್ನೋ ಆಸೆಗೆ ಜಾಗವೇ ಉಳಿಯಲ್ಲ. ಮೆರಿಟ್ ಸೀಟಿನ ದೊಡ್ಡ ಲಾಭ ಅದೇ, ಆ ಜಾಗ ನಿನಗೆ ಉಳಿಯುತ್ತದೆ. ಎಂ.ಎಸ್ಸಿ ಓದುತ್ತಿರುವಾಗಲೇ ವಿಜ್ಞಾನದವರ ಸಿಎಸ್‌ಐಆರ್ ನೆಟ್ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕಿ ಪಿಎಚ್.ಡಿಗೆ ಸೇರಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಓದುತ್ತಲೇ ಮನೆಗೂ ಒಂದಿಷ್ಟು ಕಳಿಸಬಹುದು, ಅಲ್ವಾ?

ಈಗ ನಿನ್ನ ಭಯಕ್ಕೆ ಬರ್ತೀನಿ. ಕಳೆದುಹೋಗುವ ಭಯ ಸುಮ್ನೆ ಬಂದದ್ದಲ್ಲ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ನೀನು ಕ್ಲಾಸಿಗೆ ಬಂದೆಯೋ ಇಲ್ಲವೋ, ಊಟ ಮಾಡಿದೆಯೋ ಇಲ್ಲವೋ ಯಾರೂ ಕೇಳಲ್ಲ. ಅಲ್ಲಿ ಬೇಕಾದಷ್ಟಿದೆ, ಆದರೆ ಯಾರೂ ತಂದು ಕೈಗಿಡಲ್ಲ. ಹೋಗಿ ಕೇಳಬೇಕು.

ಯಾರನ್ನು ಕೇಳಬೇಕು ಅಂತೀಯಾ? ರಿಸರ್ಚ್ ಸ್ಕಾಲರ್‌ಗಳನ್ನು. ಸಂಜೆ ಕ್ಲಾಸು ಮುಗಿದ ಮೇಲೆ ರಿಸರ್ಚ್ ಲ್ಯಾಬಿನ ಕಡೆ ಹೋಗು. ಯಾರೋ ಒಬ್ಬರು ಮಿಶ್ರಣ ಬೇರ್ಪಡಿಸುವ ಗಾಜಿನ ಕೊಳವೆ, ಅಂದರೆ ಕಾಲಂ ಹಾಕಿಕೊಂಡು ಟೆಸ್ಟ್ ಟ್ಯೂಬಿಗೆ ಹನಿ ಹನಿಯಾಗಿ ಇಳಿಸುತ್ತಾ ನಿಂತಿರುತ್ತಾರೆ. ನಡುನಡುವೆ, ಬೇರ್ಪಟ್ಟ ವಸ್ತುಗಳನ್ನು ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿದು, ಚುಕ್ಕೆ ಒಂದೇ ಇದೆಯೋ ಎರಡಿವೆಯೋ ಅಂತ ನೋಡುತ್ತಾರೆ. ‘ಅಕ್ಕ, ನಾನೂ ನಿಂತು ನೋಡಬಹುದಾ?’ ಅಂತ ಕೇಳು. ಕನ್ನಡದಲ್ಲೇ ಕೇಳು. ಅವರಲ್ಲಿ ಎಷ್ಟೋ ಜನ ನಿನ್ನ ಹಾಗೆ ಚಾಮರಾಜನಗರ, ಮಂಡ್ಯ, ಹಾಸನದ ಹಳ್ಳಿಗಳಿಂದ ಬಂದವರೇ. ಮೊದಲ ದಿನ ಟೆಸ್ಟ್ ಟ್ಯೂಬು ತೊಳೆಯೋಕೆ ಕೊಡಬಹುದು. ಬೇಜಾರು ಮಾಡಿಕೊಳ್ಳಬೇಡ. ಒಂದು ಸೆಮಿಸ್ಟರ್ ಹೀಗೆ ಹೋದರೆ ಪ್ಲೇಟಿನ ಚುಕ್ಕೆ ಓದೋದು ನಿನಗೂ ಬರುತ್ತದೆ, ಆ ಲ್ಯಾಬಿನ ಪ್ರೊಫೆಸರ್‌ಗೆ ನಿನ್ನ ಹೆಸರೂ ಗೊತ್ತಾಗಿರುತ್ತದೆ. ನಿನ್ನ ಹಳೇ ಕಾಲೇಜಿನಲ್ಲಿ ತಾನಾಗೇ ಸಿಕ್ಕಿದ್ದನ್ನು ಇಲ್ಲಿ ಸಂಪಾದಿಸಬೇಕು.

ಇಂಗ್ಲಿಷ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಮೊದಲ ಸೆಮಿನಾರ್ ಬರೆದುಕೊಂಡು ಓದು, ಎರಡನೆಯದಕ್ಕೆ ಅರ್ಧ ಓದು. ಸೆಮಿಸ್ಟರ್ ನಡುವೆ ಬರುವ ಸಿ1, ಸಿ2 ಆಂತರಿಕ ಪರೀಕ್ಷೆಗಳಿಗೆ ಗೆಳತಿಯರ ಜೊತೆ ಕೂತು ಓದಿದರೆ ಪಾಠದ ಭಾಷೆ ಬೇಗ ಹಿಡಿತಕ್ಕೆ ಬರುತ್ತದೆ.

ಇನ್ನೊಂದು ಮಾತು, ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಇದೆ ಅಂತ ದಿನಾ ಹುಣಸೂರಿಂದ ಓಡಾಡಬೇಡ. ಮನೆಯಲ್ಲಿ ಖಂಡಿತ ಹಾಗೆ ಹೇಳ್ತಾರೆ. ದಾರಿ 45 ಕಿಲೋಮೀಟರ್ ಆಸುಪಾಸು, ಹಳ್ಳಿ ಅಂದರೆ ಇನ್ನೂ ಜಾಸ್ತಿ. ಪ್ರಾಕ್ಟಿಕಲ್ ಮುಗಿಯುತ್ತಿದ್ದಂತೆ ಬಸ್ಸಿಗೆ ಓಡುವ ಹುಡುಗಿಗೆ ಲೈಬ್ರರಿಯೂ ಇಲ್ಲ, ನಾನು ಹೇಳಿದ ಸಂಜೆಯ ಲ್ಯಾಬೂ ಇಲ್ಲ. ಹಾಸ್ಟೆಲ್‌ಗೆ ಈಗಲೇ ಅರ್ಜಿ ಹಾಕು. ವಿಶ್ವವಿದ್ಯಾನಿಲಯದ್ದಕ್ಕೂ ಹಾಕು, ಸಮಾಜ ಕಲ್ಯಾಣ ಇಲ್ಲವೇ ಹಿಂದುಳಿದ ವರ್ಗಗಳ ಇಲಾಖೆಯದ್ದಕ್ಕೂ ಹಾಕು. ನೀನು ಹಿಂದುಳಿದ ವರ್ಗದವಳಾಗಿದ್ದು ಹಾಸ್ಟೆಲ್ ಸಿಗದೇ ಹೋದರೆ, ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಹತ್ತು ತಿಂಗಳು ಸಹಾಯಧನ ಕೊಡುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಇಂಥ ಕಡೆಗಳಲ್ಲೇ.

ಮೈಸೂರಿನಲ್ಲಿ ಓದುವುದಕ್ಕೆ ಇನ್ನೊಂದು ಲಾಭವಿದೆ. ಅದೇ ಊರಿನಲ್ಲಿ ಸಿಎಫ್‌ಟಿಆರ್‌ಐ ಇದೆ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ನಡೆಯುತ್ತಿರುವ ಕೇಂದ್ರ ಆಹಾರ ಸಂಶೋಧನಾಲಯ. ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯವೂ ಅಲ್ಲೇ ಇದೆ. ಆಹಾರ ಅಂದರೆ ಅರ್ಧಕ್ಕರ್ಧ ಕೆಮಿಸ್ಟ್ರಿಯೇ. ಎರಡನೇ ವರ್ಷದ ಪ್ರಾಜೆಕ್ಟಿಗೆ ಅಲ್ಲಿ ಅವಕಾಶ ಇದೆಯಾ ಅಂತ ಮೊದಲ ವರ್ಷದಲ್ಲೇ ವಿಚಾರಿಸು.

ಮಾವನ ವಿಷಯ ಸೂಕ್ಷ್ಮ. ಅವರು ನಿನಗೆ ಒಳ್ಳೆಯದಾಗಲಿ ಅಂತಲೇ ಕೈಯಿಂದ ದುಡ್ಡು ಕಟ್ಟಿದ್ದಾರೆ, ಮನೆಯಲ್ಲಿಟ್ಟುಕೊಳ್ಳೋಕೂ ರೆಡಿ ಇದ್ದಾರೆ. ಅಪ್ಪನ ಕೈಲಿ ಹೇಳಿಸಬೇಡ, ಭಾವ ಮೈದುನರ ನಡುವೆ ಸುಮ್ನೆ ಮಾತು ಬೆಳೆಯುತ್ತದೆ. ನೀನೇ ಫೋನ್ ಮಾಡು. ಆ ಕಾಲೇಜು ಸರಿಯಿಲ್ಲ ಅಂತ ಒಂದು ಮಾತೂ ಬೇಡ. ‘ಮಾವ, ಅಪ್ಪನ ಮೇಲೆ ಸಾಲ ಹೊರಿಸೋಕೆ ನನಗೆ ಮನಸ್ಸಿಲ್ಲ. ರಜದಲ್ಲಿ ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದರೆ ನಿಮ್ಮನೇಲೇ ಉಳ್ಕೋತೀನಿ’ ಅನ್ನು. ಹಾಗೆ ಹೇಳಿದ ಮೇಲೆ ನಿಜವಾಗಿಯೂ ಹೋಗಿ ಉಳಿ.

ಅವರ 25,000 ವಾಪಸ್ ಕೊಡಿಸುವುದು ನಿನ್ನ ಕೆಲಸ. ವಿಶ್ವವಿದ್ಯಾನಿಲಯಗಳ ಮೇಲೆ ನಿಗಾ ಇಡುವ ಯುಜಿಸಿಯ 2018ರ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ, ಸಣ್ಣ ಮೊತ್ತದ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಪೂರ್ತಿ ಹಿಂದಿರುಗಿಸಬೇಕು. ತಡವಾದಷ್ಟೂ ಕಡಿತ ಜಾಸ್ತಿ. ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಸಿಗಲ್ಲ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವ ಹಕ್ಕಂತೂ ಯಾವ ಕಾಲೇಜಿಗೂ ಇಲ್ಲ. ಮೊದಲು ಗಂಗೋತ್ರಿಯಲ್ಲಿ ಫೀ ಕಟ್ಟಿ ರಸೀದಿ ತಗೋ. ಅದೇ ದಿನ ಆ ಖಾಸಗಿ ವಿಶ್ವವಿದ್ಯಾನಿಲಯಕ್ಕೆ ಸೀಟು ಬಿಡುವ ಅರ್ಜಿಯನ್ನು ಇಮೇಲ್‌ನಲ್ಲಿ ಕಳಿಸು, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕು. ಫೋನಿನಲ್ಲಿ ಹೇಳಿದ್ದೇನೆ ಅಂತ ಬಿಟ್ಟುಬಿಡಬೇಡ.