ಮುಲಾಜಿಲ್ಲದೆ ಹೇಳಿ, ಟೀಚರ್
(ಓದುಗರ ಪ್ರಶ್ನೆಗಳಿಗೆ ಅರಸೀಕೆರೆಯ ನಿವೃತ್ತ ಗಣಿತ ಶಿಕ್ಷಕಿಯ ಉತ್ತರ)

ಪ್ರಶ್ನೆ: ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ಸಂಚಿಕೆ ತಪ್ಪಿಸಿಕೊಂಡಿರಿ. ಈಗ ಏನೇನು ಓದಿದಿರಿ? ಮುಲಾಜಿಲ್ಲದೆ ಹೇಳಿ.
– ಓದುಗಿ, ತಿಪಟೂರು

ಉತ್ತರ: ಮೊದಲು ಓದಿದ್ದು ಬೇಳೆ ಪ್ಯಾಕೆಟ್ಟಿನ ಮೇಲಿನ ಬೆಲೆ. ಭೂತಗನ್ನಡಿ ಇಲ್ಲದೆ ಓದಿದೆ, ಬೆಲೆ ನೋಡಿ ಮತ್ತೆ ಕಣ್ಣು ಮುಚ್ಚಿದೆ. ಆಮೇಲೆ ಕಪಾಟಿನಿಂದ ಪುಸ್ತಕ ತೆಗೆದರೆ ಹಾಳೆಯೆಲ್ಲ ಬೆಳ್ಳಗೆ! ಇಷ್ಟು ವರ್ಷ ನಮ್ಮ ಮನೆ ಪುಸ್ತಕಗಳೆಲ್ಲ ಹಳದಿ ಕಟ್ಟಿವೆ ಅಂದುಕೊಂಡಿದ್ದೆ. ಹಳದಿ ಕಟ್ಟಿದ್ದು ನನ್ನ ಕಣ್ಣಿಗೆ.

ಶುರು ಮಾಡಿದ್ದು ಗಿರೀಶ ಕಾರ್ನಾಡರ ಆತ್ಮಕತೆ 'ಆಡಾಡತಾ ಆಯುಷ್ಯ'. 2011ರಲ್ಲೇ ಬಂದ ಪುಸ್ತಕ, ನನ್ನ ಕೈಗೆ ಈಗ ಸಿಕ್ಕಿತು. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಅವರ ತಾಯಿ ಬಸಿರು ತೆಗೆಸಬೇಕೆಂದು ಪುಣೆಯ ಆಸ್ಪತ್ರೆಗೆ ಹೋಗಿದ್ದರಂತೆ. ಡಾಕ್ಟರು ಬರಲಿಲ್ಲ. ಕಾದು ಕಾದು ಮನೆಗೆ ವಾಪಸ್ ಬಂದರಂತೆ. ಆ ಬಾರದ ಡಾಕ್ಟರಿಗೇ ಪುಸ್ತಕ ಅರ್ಪಣೆ! ನಾನು ಪುಸ್ತಕ ಮಡಿಚಿಟ್ಟು ಹೋಗಿ ಹಾಲು ಕಾಯಿಸಿದೆ, ಉಕ್ಕಿಸಿಯೂ ಬಿಟ್ಟೆ. ಬೇರೆಯವರಾದರೆ ಇದನ್ನು ಮುಚ್ಚಿಡುತ್ತಿದ್ದರು, ಇಲ್ಲವೇ ಅಳಿಸುತ್ತಿದ್ದರು. ಇವರು ಊಟದ ಮನೆ ಮಾತಿನ ಹಾಗೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಶಿರಸಿ, ಧಾರವಾಡದ ದಿನಗಳು ಕಣ್ಣಿಗೆ ಕಟ್ಟಿದವು. ತಾಯಿಯ ವೈಧವ್ಯ, ಮರುಮದುವೆ ಬರುವಲ್ಲಿ ಒಂದು ಸಾಲನ್ನೂ ಬಿಡಲಿಲ್ಲ. ಆದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಕಾಲದ ಪುಟಗಳು ನನಗೆ ಹಿಡಿಸಲಿಲ್ಲ. ಮೂವತ್ತನಾಲ್ಕು ವರ್ಷ ಸ್ಟಾಫ್ ರೂಮಿನ ಜಗಳ ಕೇಳಿದವಳಿಗೆ ಇನ್ನೊಂದು ಸಂಸ್ಥೆಯ ಜಗಳ ಯಾಕೆ ಬೇಕು? ಹಾರಿಸಿ ಹಾರಿಸಿ ಓದಿದೆ.

ಪ್ರಶ್ನೆ: 'ಘಾಚರ್ ಘೋಚರ್' ಓದಿದೆ. ಕೊನೆಗೆ ಅನಿತಾಗೆ ಏನಾಯಿತು? ನನ್ನ ಪ್ರತಿಯಲ್ಲಿ ಕೊನೆ ಹಾಳೆ ಹರಿದಿದೆಯೋ ಅಂತ ಅನುಮಾನ.
– ಓದುಗರು, ದಾವಣಗೆರೆ

ಉತ್ತರ: (ಪುಸ್ತಕ ಓದಿಲ್ಲದವರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.)

ನಿಮ್ಮ ಹಾಳೆ ಹರಿದಿಲ್ಲ ಸ್ವಾಮಿ. ವಿವೇಕ ಶಾನಭಾಗರು ಅಷ್ಟಕ್ಕೇ ನಿಲ್ಲಿಸಿದ್ದಾರೆ. ಗಂಡ ಕಾಫಿ ಹೌಸಿನಲ್ಲಿ ಕೂತಿರುತ್ತಾನೆ, ಹೈದರಾಬಾದಿನಿಂದ ಹೆಂಡತಿ ಅನಿತಾ ಬಂದಿರುವುದಿಲ್ಲ. ಕೈಯಲ್ಲಿದ್ದ ಗ್ಲಾಸು ಒಡೆಯುತ್ತದೆ. ಕೈಯಲ್ಲಿ ರಕ್ತವಿದೆ ಅಂತ ಹೇಳುವವನು ವೇಟರ್ ವಿನ್ಸೆಂಟ್. ಗಣಿತದ ಪುಸ್ತಕದಲ್ಲಿ ಕೊನೆಗೆ ಉತ್ತರ ಕೊಟ್ಟಿರುತ್ತಾರೆ, ಹುಡುಗರು ಮೊದಲು ತಿರುವುವುದೇ ಆ ಪುಟ. ಇಲ್ಲಿ ಆ ಪುಟವಿಲ್ಲ. ಆದರೆ ಲೆಕ್ಕದ ಹಂತಗಳೆಲ್ಲ ಇವೆ. ಹಿಂದಕ್ಕೆ ಹೋಗಿ ಇರುವೆಗಳ ಭಾಗ ಇನ್ನೊಮ್ಮೆ ಓದಿ. ಹಳೇ ಬಾಡಿಗೆ ಮನೆಯಲ್ಲಿ ಆ ಕುಟುಂಬ ಇರುವೆ ಕೊಲ್ಲುವುದರಲ್ಲಿ ಹೇಗೆ ಪಳಗುತ್ತದೆ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡು ಬಂದ ಮೇಲೆ ಬಾಗಿಲಿಗೆ ಸಾರು ಹಿಡಿದು ಬಂದ ಹೆಂಗಸನ್ನು ಅದೇ ಮಂದಿ ಹೇಗೆ ಅಟ್ಟುತ್ತಾರೆ. ಉತ್ತರ ನನಗೆ ಸಿಕ್ಕಿದೆ. ಬರೆಯಲು ಧೈರ್ಯ ಇಲ್ಲ.

ಮಗಳ ಮನೆಗೆ ಹೋಗುವಾಗ ರೈಲಿನಲ್ಲಿ ಓದಿದ್ದು. ಅರಸೀಕೆರೆಯಲ್ಲಿ ಹಿಡಿದೆ, ತುಮಕೂರು ದಾಟುವಷ್ಟರಲ್ಲಿ ಮುಗಿಯಿತು. ನೂರ ಚಿಲ್ಲರೆ ಪುಟ, ಅಷ್ಟೇ. ಎದುರಿನ ಸೀಟಿನವರು ಚಕ್ಕುಲಿ ಕೊಟ್ಟರು, ಬೇಡ ಅಂದೆ. ಅದರ ಮೇಲೂ ಇರುವೆ ಓಡಾಡಿದ ಹಾಗೆ ಕಂಡಿತು.

ಪ್ರಶ್ನೆ: ಕತೆಗಾರ್ತಿ ಬಾನು ಮುಷ್ತಾಕ್ ನಿಮ್ಮ ಜಿಲ್ಲೆಯವರು. ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಓದಿದಿರೋ, ಮೊದಲೇ ಓದಿದ್ದಿರೋ? ನಿಜ ಹೇಳಿ.
– ಓದುಗ, ಹಾಸನ

ಉತ್ತರ: ಕೆಣಕುತ್ತಿದ್ದೀರಿ. ಮೊದಲು ಅಲ್ಲಿ ಇಲ್ಲಿ ಒಂದೆರಡು ಕತೆ ಓದಿದ್ದೆ. ಕೂತು ಓದಿದ್ದು 2025ರ ಮೇ ತಿಂಗಳ ನಂತರವೇ. ನಾಚಿಕೆಯ ವಿಷಯ, ಒಪ್ಪಿಕೊಂಡೆ. ಲಂಡನ್ನಿನವರು ಹೇಳಬೇಕಾಯಿತು, ಹಾಸನ ನಮಗೆ ಒಂದು ಗಂಟೆಯ ದಾರಿ.

ಮೆಚ್ಚಿದ್ದು ಕಫನ್, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಯ ಕತೆ. ಬಡ ಯಾಸೀನ್ ಬುವಾ ಕೂಡಿಟ್ಟ ದುಡ್ಡು ಕೊಟ್ಟು, ಹಜ್‌ಗೆ ಹೊರಟ ಶ್ರೀಮಂತ ಹೆಂಗಸಿಗೆ ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಹೇಳುತ್ತಾಳೆ. ಆಕೆ ಅಲ್ಲಿ ತನಗೆ ಬೇಕಾದ್ದೆಲ್ಲ ಕೊಂಡು ಇದನ್ನು ಮರೆಯುತ್ತಾಳೆ. ಮುದುಕಿ ಸಾಯುತ್ತಾಳೆ, ಮಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಮ್ಮ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದವರು ಒಮ್ಮೆ ಧರ್ಮಸ್ಥಳದಿಂದ ಕರಿಮಣಿ ಸರ ತರಲು ಐವತ್ತು ರೂಪಾಯಿ ಕೊಟ್ಟಿದ್ದರು. ನಾನು ಮರೆತಿದ್ದೆ. ಅರಸೀಕೆರೆಯಲ್ಲೇ ಕೊಂಡು ಅಲ್ಲಿಂದ ತಂದೆ ಅಂದಿದ್ದೆ. ಅವರು ಕಣ್ಣಿಗೆ ಒತ್ತಿಕೊಂಡರು. ಇಪ್ಪತ್ತೆರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಆಕ್ಷೇಪ. ಕೆಲವು ಕತೆಗಳಲ್ಲಿ ಪಾತ್ರ ಬಾಯಿ ಬಿಡುವ ಮೊದಲೇ ಲೇಖಕಿಯೊಳಗಿನ ವಕೀಲೆ ಎದ್ದು ನಿಂತು ವಾದ ಮಂಡಿಸುತ್ತಾರೆ. ವಾದ ಸರಿಯೇ, ಆದರೆ ನನಗೆ ಸಾಕ್ಷಿ ಸಾಕಿತ್ತು. 'ಎದೆಯ ಹಣತೆ' ಕತೆಯಲ್ಲಿ ಹಾಗಿಲ್ಲ. ಸೀಮೆಎಣ್ಣೆ ಸುರಿದುಕೊಂಡ ತಾಯಿಯ ಮುಂದೆ ಕೂಸನ್ನೆತ್ತಿಕೊಂಡ ಮಗಳು ನಿಂತಿದ್ದಾಳೆ. ಅಷ್ಟು ಸಾಕು.

ಪ್ರಶ್ನೆ: ಪುಸ್ತಕದ ಅಕ್ಷರ, ಬೈಂಡಿಂಗು ನೋಡಿ ಅಭಿಪ್ರಾಯ ಹೇಳಬಹುದೇ?
– ಓದುಗರು, ಗದಗ

ಉತ್ತರ: ಹೇಳಲೇಬೇಕು. ಈ ನಡುವೆ ತರಿಸಿದ ಒಂದು ಕಾದಂಬರಿಯಲ್ಲಿ 97ರಿಂದ 112ನೇ ಪುಟ ಎರಡು ಸಲ ಇದೆ, 113ರಿಂದ 128 ಇಲ್ಲವೇ ಇಲ್ಲ. ಹದಿನಾರು ಪುಟದ ಒಂದು ಫಾರಂ ಅದಲುಬದಲಾಗಿದೆ, ಲೆಕ್ಕ ಸರಿಯಾಗಿದೆ. ಫೋನ್ ಮಾಡಿದರೆ "ಕತೆ ಅರ್ಥ ಆಗುತ್ತಲ್ಲ ಮೇಡಂ" ಅಂದರು. ಆ ಹದಿನಾರು ಪುಟದಲ್ಲೇ ನಾಯಕನ ಅಪ್ಪ ತೀರಿಕೊಂಡಿದ್ದ. ಪ್ರಕಾಶಕರ ಹೆಸರು ಬರೆಯಲ್ಲ, ಹೊಸ ಪ್ರತಿ ಬರುವ ಆಸೆ ಇನ್ನೂ ಇದೆ.

ಪ್ರಶ್ನೆ: 'ಕುಸುಮಬಾಲೆ'ಯನ್ನು ಎಲ್ಲರೂ ಹೊಗಳುತ್ತಾರೆ. ಹತ್ತು ಪುಟಕ್ಕೆ ನನಗೆ ಕೈಸೋತಿತು. ಎಂಎ ಮಾಡಿದ್ದೇನೆ, ಹೊರಗೆ ಹೇಳಲು ಹೆದರಿಕೆ.
– ಓದುಗಿ, ಶಿವಮೊಗ್ಗ

ಉತ್ತರ: ನೀವು ಹತ್ತು, ನಾನು ಹದಿನಾಲ್ಕು. ಎರಡು ಸಲ ಅಲ್ಲೇ ನಿಂತೆ. ದೇವನೂರ ಮಹಾದೇವರ ಈ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಆಗಲೇ ಕೊಂಡಿದ್ದು. ಅಂದರೆ ಮೂವತ್ತು ವರ್ಷಕ್ಕೂ ಮೇಲೆ ಹದಿನಾಲ್ಕನೇ ಪುಟದಲ್ಲಿ ಬಸ್ ಟಿಕೆಟ್ ಒಂದು ಕೂತಿತ್ತು.

ಈ ಸಲ ಆಪರೇಷನ್ ಆದ ಮೇಲೆ ಹಿಂದಿನ ಬೀದಿಯ ಸೊಪ್ಪಿನಮ್ಮ ನೋಡಲು ಬಂದಿದ್ದರು. ನಂಜನಗೂಡು ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದವರು; ಪುಸ್ತಕದ ಮಾತೂ ಆ ಕಡೆಯದೇ. ಸುಮ್ಮನೆ ಒಂದು ಪುಟ ಜೋರಾಗಿ ಓದಿದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ನಿಲ್ಲಿಸಿ, "ಅಂಗಲ್ಲ ಕಣವ್ವ, ಇಂಗೆ" ಅಂತ ಎಳೆದು ಹೇಳಿಕೊಟ್ಟರು. ನಾನು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಮತ್ತೆ ಓದಿದೆ. ಅರ್ಥವಾಗದೆ ಮುಳ್ಳಾಗಿದ್ದ ವಾಕ್ಯ ಅವರ ಬಾಯಲ್ಲಿ ಹಾಡಾಯಿತು. ಊರ ದೀಪಗಳೆಲ್ಲ ಆರಿದ ಮೇಲೆ ಆ ದೀಪಗಳ ಜೀವಗಳಾದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗ ಬಂದಾಗ, "ಹೂಂ, ನಮ್ಮವ್ವನೂ ಹೇಳೋಳು" ಅಂದರು. ಬೆರಗಿಲ್ಲ, ಗೊತ್ತಿದ್ದ ನೆಂಟರ ಸುದ್ದಿ ಕೇಳಿದ ಹಾಗೆ.

ಹಾಗಂತ ಎಲ್ಲ ಅರ್ಥವಾಯಿತು ಅಂತ ನಾನು ಸುಳ್ಳು ಹೇಳಲ್ಲ. ಯಾರು ಯಾರಿಗೆ ಏನಾಗಬೇಕು ಅಂತ ಕಾಗದದ ಮೇಲೆ ಗೀಟು ಹಾಕಿಕೊಂಡು ಓದಿದೆ, ಎರಡು ಗೀಟು ಇನ್ನೂ ಸೇರಿಲ್ಲ. ನೀವೂ ಗಟ್ಟಿಯಾಗಿ ಓದಿ ನೋಡಿ. ಆಗಲೂ ಆಗದಿದ್ದರೆ ಹತ್ತನೇ ಪುಟದಲ್ಲಿ ನಿಂತೆ ಅಂತ ಧೈರ್ಯವಾಗಿ ಹೇಳಿ.

ನನ್ನ ಪ್ರತಿ ಕಳಿಸಿ ಅಂತ ಮಾತ್ರ ಕೇಳಬೇಡಿ. ಸೊಪ್ಪಿನಮ್ಮ ತೆಗೆದುಕೊಂಡು ಹೋಗಿದ್ದಾರೆ. ಅವರಿಗೆ ಓದು ಬರುವುದಿಲ್ಲ, ಏಳನೇ ಕ್ಲಾಸಿನ ಮೊಮ್ಮಗನ ಕೈಲಿ ಓದಿಸಿ ಅವನನ್ನು ತಿದ್ದುತ್ತಿದ್ದಾರಂತೆ.