ಸೇನೆಗೆ ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ?

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಓದುಗರು ಅಲ್ಲಿನ ಸೇನಾ ಭರ್ತಿಯ ಬಗ್ಗೆ ಕೇಳಿದ ಪ್ರಶ್ನೆಗಳು ಮತ್ತು ಉತ್ತರಗಳು.

ಪ್ರಶ್ನೆ: ನಮಗೆ ಗ್ರೀನ್ ಕಾರ್ಡ್ ಇದೆ. ಮಗನಿಗೆ 18 ತುಂಬಿದ ವಾರವೇ ನಮಗೆ ಹೇಳದೆ ಸೇನೆಗೆ ಸಹಿ ಹಾಕಿ ಬಂದ. ಜುಲೈನಲ್ಲಿ ತರಬೇತಿಗೆ ಹೊರಡಬೇಕಂತೆ. ಈಗ ಅವನಿಗೇ ಬೇಡವಾಗಿದೆ. ರಿಕ್ರೂಟರ್ (ಸೇನೆಗೆ ಭರ್ತಿ ಮಾಡಿಸುವವರು) ‘ಬರದಿದ್ದರೆ ಅರೆಸ್ಟ್ ಆಗುತ್ತೀಯ’ ಎನ್ನುತ್ತಾರೆ. ನಿಜವೇ?

ನಿಜವಲ್ಲ. ನಿಮ್ಮ ಮಗ ಈಗ ಇರುವುದು ‘ಡಿಲೇಯ್ಡ್ ಎಂಟ್ರಿ ಪ್ರೋಗ್ರಾಂ’ನಲ್ಲಿ, ಅಂದರೆ ಸಹಿ ಈಗ, ಸೇರುವುದು ಆಮೇಲೆ. ಹೊಸ್ತಿಲು ತುಳಿದಿದ್ದಾನೆ, ಇನ್ನೂ ಒಳಗೆ ಹೋಗಿಲ್ಲ. ಪ್ರಮಾಣವಚನ ಎರಡು ಸಲ ಇರುತ್ತದೆ. ಆಗಿರುವುದು ಮೊದಲನೆಯದು. ಎರಡನೆಯದು ಹೊರಡುವ ದಿನ ‘ಮೆಪ್ಸ್’ ಎಂಬ ಪರೀಕ್ಷಾ ಕೇಂದ್ರದಲ್ಲಿ ನಡೆಯುತ್ತದೆ. ಅಲ್ಲಿಂದಾಚೆಗೆ ಸೇನಾ ಕಾನೂನು ಅನ್ವಯಿಸುತ್ತದೆ, ಹೇಳದೆ ಹೋದರೆ ಅಪರಾಧ. ಅದಕ್ಕೂ ಮುಂಚೆ ಬೇಡ ಎಂದವರನ್ನು ಸೇನೆ ಬಿಟ್ಟುಬಿಡುವುದೇ ರೂಢಿ.

ಮಾಡಬೇಕಾದ್ದು ಒಂದು ಪತ್ರ. ಮಗನೇ ಬರೆಯಬೇಕು. ಹೆಸರು, ಹುಟ್ಟಿದ ದಿನಾಂಕ, ಸಹಿ ಹಾಕಿದ ದಿನ, ಹೊರಡಬೇಕಾದ ದಿನ, ‘ನನ್ನನ್ನು ಈ ಪ್ರೋಗ್ರಾಂನಿಂದ ಬಿಡುಗಡೆ ಮಾಡಿ’ ಎಂಬ ಸಾಲು, ಕಾರಣಕ್ಕೆ ಒಂದೆರಡು ವಾಕ್ಯ. ಕಾಲೇಜಿಗೆ ಹೋಗುತ್ತೇನೆ, ಮನಸ್ಸು ಬದಲಾಗಿದೆ ಎಂದರೆ ಸಾಕು. ರಿಕ್ರೂಟರ್ ಕೈಗೆ ಕೊಟ್ಟರೆ ಅದು ಅವರ ಡ್ರಾಯರ್‌ನಲ್ಲೇ ಉಳಿದೀತು. ಅವರ ಮೇಲಿನ ರಿಕ್ರೂಟಿಂಗ್ ಬೆಟಾಲಿಯನ್‌ನ ಕಮಾಂಡರ್‌ಗೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಪ್ರತಿ ಮತ್ತು ರಸೀದಿ ಇಟ್ಟುಕೊಳ್ಳಿ. ಹೊರಡುವ ದಿನಕ್ಕೆ ಕೆಲವು ವಾರ ಮುಂಚೆ ತಲುಪಿದರೆ ಒಳ್ಳೆಯದು. ‘ಆಫೀಸಿಗೆ ಬಂದು ಮಾತಾಡು’ ಎಂದು ಕರೆ ಬಂದರೆ ಹೋಗಲೇಬೇಕೆಂದಿಲ್ಲ. ಹುಡುಗರು ಎಡವುವುದು ಅಲ್ಲೇ: ಮುಖದಾಕ್ಷಿಣ್ಯಕ್ಕೆ ಹೋಗುತ್ತಾರೆ, ಹೊರಡುವ ದಿನ ಮೆಪ್ಸ್‌ವರೆಗೂ ಹೋಗುತ್ತಾರೆ, ಎರಡನೇ ಪ್ರಮಾಣವನ್ನೂ ಹೇಳಿಬಿಡುತ್ತಾರೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ‘ನಾನು ಅಮೆರಿಕದ ಪ್ರಜೆಯಲ್ಲ, ಆದ್ದರಿಂದ ಬಿಡಿ’ ಎಂದು ಪತ್ರದಲ್ಲಿ ಬರೆಯಲೇಬಾರದು. ವಿದೇಶಿ ಎಂಬ ಕಾರಣ ಕೊಟ್ಟು ಸೇನಾ ಸೇವೆಯಿಂದ ಬಿಡುಗಡೆ ಪಡೆದವರಿಗೆ ಪೌರತ್ವವನ್ನೇ ಶಾಶ್ವತವಾಗಿ ನಿರಾಕರಿಸುವ ಕಲಂ ಅಲ್ಲಿನ ವಲಸೆ ಕಾನೂನಿನಲ್ಲಿದೆ. ಪತ್ರ ಹಾಕುವ ಮೊದಲು ಒಮ್ಮೆ ವಲಸೆ ವಕೀಲರಿಗೆ ತೋರಿಸಿ.

ಪ್ರಶ್ನೆ: ನಾವು ಕೊಡದೆಯೇ ಮಗಳ ಫೋನ್ ನಂಬರ್ ಸೇನೆಗೆ ಹೇಗೆ ಸಿಕ್ಕಿತು?

ಶಾಲೆಯಿಂದ. ಫೆಡರಲ್ ಹಣ ಪಡೆಯುವ ಹೈಸ್ಕೂಲುಗಳು, ರಿಕ್ರೂಟರ್ ಕೇಳಿದರೆ, ವಿದ್ಯಾರ್ಥಿಗಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. 2001ರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಲ್ಲಿ ಬಂದ ಈ ನಿಯಮ 2015ರಲ್ಲಿ ಅದರ ಜಾಗಕ್ಕೆ ಬಂದ ಕಾಯ್ದೆಯಲ್ಲೂ ಮುಂದುವರಿಯಿತು. ಕೊಡಬೇಡಿ ಎಂದು ಪೋಷಕರು ಬರೆದುಕೊಡಬಹುದು. ಎಷ್ಟೋ ಶಾಲೆಗಳಲ್ಲಿ ಇದನ್ನು ಪ್ರತಿ ವರ್ಷ ಕೊಡಬೇಕಾಗುತ್ತದೆ. ಫಾರ್ಮ್‌ನಲ್ಲಿ ‘ಸೇನೆಗೆ ಮಾತ್ರ ಬೇಡ’ ಎಂಬ ಚೌಕ ಹುಡುಕಿ. ‘ಯಾರಿಗೂ ಬೇಡ’ ಎಂಬುದಕ್ಕೆ ಟಿಕ್ ಹಾಕಿದರೆ ಇಯರ್‌ಬುಕ್‌ನಿಂದಲೂ (ಶಾಲೆಯ ವಾರ್ಷಿಕ ಸಂಚಿಕೆ) ಹೆಸರು ಹೋಗಬಹುದು.

ಇಷ್ಟಾದರೂ ಹಿತ್ತಲ ಬಾಗಿಲೊಂದು ತೆರೆದೇ ಇರುತ್ತದೆ. ಶಾಲೆಯಲ್ಲಿ ‘ವೃತ್ತಿ ಮಾರ್ಗದರ್ಶನ’ದ ಹೆಸರಲ್ಲಿ ಉಚಿತವಾಗಿ ನಡೆಯುವ ‘ಆಸ್‌ವ್ಯಾಬ್’ ಪರೀಕ್ಷೆ ಸೇನೆಯದೇ. ಅಂಕಗಳು ರಿಕ್ರೂಟರ್‌ಗೆ ಹೋಗಬೇಕೇ ಬೇಡವೇ ಎಂಬುದನ್ನು ಆರಿಸುವುದು ಶಾಲೆ. ‘ಆಪ್ಷನ್ 8’ ಎಂದರೆ ಹೋಗುವುದಿಲ್ಲ. ಪರೀಕ್ಷೆಗೆ ಮುಂಚೆ ಕೌನ್ಸೆಲರ್‌ಗೆ ಈಮೇಲ್ ಮಾಡಿ ಯಾವ ಆಪ್ಷನ್ ಎಂದು ಕೇಳಿ. ಅಂಕಗಳು ತಾನಾಗಿಯೇ ಸೇನೆಗೆ ಹೋಗುವುದನ್ನು 2010ರಲ್ಲಿ ಕಾನೂನು ಮಾಡಿ ತಡೆದ ಮೊದಲ ರಾಜ್ಯ ಮೇರಿಲ್ಯಾಂಡ್.

ಪ್ರಶ್ನೆ: ‘ಸೇನೆಗೆ ಸೇರಬೇಡಿ’ ಎಂದು ಶಾಲೆಯ ಮುಂದೆ ಕರಪತ್ರ ಹಂಚುವುದು ದೇಶದ್ರೋಹವಲ್ಲವೇ?

ಒಂದು ಕಾಲದಲ್ಲಿ ಜೈಲಿಗೆ ಹಾಕುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಡ್ಡಾಯ ಭರ್ತಿಯ ವಿರುದ್ಧ ಕರಪತ್ರ ಕಳಿಸಿದ ಚಾರ್ಲ್ಸ್ ಶೆಂಕ್‌ಗೆ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1919ರಲ್ಲಿ ಎತ್ತಿಹಿಡಿಯಿತು. ಆಮೇಲೆ ಕೋರ್ಟುಗಳ ನಿಲುವೇ ಬದಲಾಯಿತು. ಕಡ್ಡಾಯ ಭರ್ತಿ 1973ರಲ್ಲಿ ನಿಂತಿದೆ. ಸೇರುವುದು ಇಷ್ಟಕ್ಕೆ ಬಿಟ್ಟಿದ್ದು ಅಂದಮೇಲೆ ಬೇಡ ಎಂದು ಹೇಳುವುದಕ್ಕೂ ಹಕ್ಕಿದೆ. ಅಟ್ಲಾಂಟಾ ಶಾಲೆಗಳ ಪ್ರಕರಣದಲ್ಲಿ 1989ರಲ್ಲಿ ಮೇಲ್ಮನವಿ ನ್ಯಾಯಾಲಯ, ಸೇನೆಯ ಕೆಲಸವನ್ನು ಟೀಕಿಸುತ್ತಾರೆಂಬ ಕಾರಣಕ್ಕೇ ಶಾಲೆಯಲ್ಲಿ ಉದ್ಯೋಗಗಳ ಪರಿಚಯ ಮಾಡಿಕೊಡುವ ಕರಿಯರ್ ಡೇಯಿಂದ ಶಾಂತಿ ಸಂಘಟನೆಯನ್ನು ಹೊರಗಿಡುವಂತಿಲ್ಲ ಎಂದಿತು. ಈಗಾಗಲೇ ಸಮವಸ್ತ್ರ ತೊಟ್ಟವರಿಗೆ ಆಜ್ಞೆ ಮೀರಿ ಎಂದು ಪ್ರಚೋದಿಸುವುದು ಮಾತ್ರ ಇಂದಿಗೂ ಅಪರಾಧ.

ಆದರೆ ಬಹಳಷ್ಟು ಕರಪತ್ರಗಳು ಕೂಗಾಟದಲ್ಲೇ ಮುಗಿಯುತ್ತವೆ. ‘ಕಾಲೇಜು ಫೀಸ್ ಸಿಗುವುದೆಲ್ಲ ಸುಳ್ಳು’ ಎಂದು ಬರೆದರೆ ಹುಡುಗರು ನಗುತ್ತಾರೆ, ಯಾಕೆಂದರೆ ಪಡೆದವರನ್ನು ಅವರು ನೋಡಿದ್ದಾರೆ. 36 ತಿಂಗಳು ಸಕ್ರಿಯ ಸೇವೆ ಮಾಡಿದವರಿಗೆ ‘ಜಿಐ ಬಿಲ್’ ಎಂಬ ಮಾಜಿ ಸೈನಿಕರ ಶಿಕ್ಷಣ ಯೋಜನೆ ಪೂರ್ಣ ದರದಲ್ಲಿ 36 ತಿಂಗಳ ಓದಿನ ನೆರವು ಕೊಡುತ್ತದೆ. ಹೇಳಬೇಕಾದ್ದು ಷರತ್ತನ್ನು: ಸೇವೆಯಿಂದ ಬಿಡುಗಡೆ ‘ಆನರಬಲ್’ (ಗೌರವಯುತ) ಆಗಿರಬೇಕು. ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ‘ಜನರಲ್’ ಬಿಡುಗಡೆಯಾದರೂ ಆ ನೆರವು ಇಲ್ಲ.

ಇನ್ನೊಂದು, ‘ನಾಲ್ಕು ವರ್ಷ ಅಷ್ಟೇ’ ಎಂಬ ಮಾತು. ಸಾಮಾನ್ಯವಾಗಿ ಕರಾರಿನ ಒಟ್ಟು ಅವಧಿ ಎಂಟು ವರ್ಷ. ನಾಲ್ಕು ಸಕ್ರಿಯ ಸೇವೆಯಾದರೆ ಉಳಿದ ನಾಲ್ಕು ಮೀಸಲು ಪಟ್ಟಿಯಲ್ಲಿ, ಕರೆದಾಗ ಬರಬೇಕು. ‘ಡಿಡಿ ಫಾರ್ಮ್ 4’ ಎಂಬ ಆ ಕರಾರಿನಲ್ಲೇ ಇನ್ನೆರಡು ಮಾತಿವೆ: ಕಾಗದದಲ್ಲಿ ಇಲ್ಲದ ಯಾವ ಭರವಸೆಗೂ ಬೆಲೆಯಿಲ್ಲ, ಸಂಬಳ, ಸೌಲಭ್ಯದ ನಿಯಮಗಳು ಮುನ್ಸೂಚನೆ ಇಲ್ಲದೆ ಬದಲಾಗಬಹುದು. ಆ ಸಾಲುಗಳನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿ ಹಂಚಿದರೆ ಅದಕ್ಕಿಂತ ಹರಿತವಾದ ಕರಪತ್ರ ಬೇಕಿಲ್ಲ. ಸೇರಲೇಬೇಕೆಂದಿರುವ ಹುಡುಗನಿಗೂ ಅದು ಉಪಯೋಗಕ್ಕೆ ಬರುತ್ತದೆ: ಬೇಕಾದ ಕೆಲಸ, ಬೋನಸ್ ಎಲ್ಲವನ್ನೂ ಕರಾರಿನ ಅನುಬಂಧದಲ್ಲಿ ಬರೆಸಿಕೊಂಡೇ ಸಹಿ ಹಾಕುತ್ತಾನೆ.

ಪ್ರಶ್ನೆ: ಮಗ ಎಚ್-4 (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ) ವೀಸಾದಲ್ಲಿದ್ದಾನೆ. ಅವನಿಗೂ ಕರೆ ಬರುತ್ತಿದೆ.

ಸೇರಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಅದನ್ನೇ ಹೇಳಿ, ಪಟ್ಟಿಯಿಂದ ನಂಬರ್ ತೆಗೆಯಲು ಕೇಳಿ.