ಕೋಡ್ ಕಟ್ಟೆ: ಕಾಣುವ ಹೆಸರು ಬೇರೆ, ಉಳಿಸುವ ಹೆಸರು ಬೇರೆ

ಪ್ರಶ್ನೆ: ಕಾಲೇಜಿನ ಲೈಬ್ರರಿಗೆ ಜಾವಾದಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪುಸ್ತಕದ ಸ್ಟೇಟಸ್‌ಗೆ ಅವೈಲಬಲ್, ಇಶ್ಯೂಡ್, ಲಾಸ್ಟ್ ಎಂದು ಈನಮ್ (ಗೊತ್ತುಮಾಡಿದ ಕೆಲವೇ ಹೆಸರುಗಳ ಪಟ್ಟಿ) ಬರೆದಿದ್ದೇನೆ. ಸ್ಕ್ರೀನ್ ಮೇಲೆ ಕನ್ನಡ ಬರಲಿ ಅಂತ ಹೆಸರನ್ನು ಪಠ್ಯವಾಗಿ ಕೊಡುವ ಟುಸ್ಟ್ರಿಂಗ್ ಮೆಥಡ್ ಬದಲಿಸಿ ‘ಇದೆ’, ‘ಕೊಟ್ಟಿದೆ’, ‘ಕಳೆದಿದೆ’ ಮಾಡಿದೆ. ಡ್ರಾಪ್‌ಡೌನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಸೇವ್ ಒತ್ತಿದರೆ ಮಾತ್ರ ಪಠ್ಯ ನೋಡಿ ಈನಮ್ ಹುಡುಕಿ ಕೊಡುವ ವ್ಯಾಲ್ಯೂಆಫ್ ಸಾಲಿನಲ್ಲಿ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಷನ್ ಎಂಬ ಎರರ್! ಈನಮ್ ಬಿಟ್ಟು ಸುಮ್ನೆ ಸ್ಟ್ರಿಂಗ್ (ಬರೀ ಪಠ್ಯ) ಇಟ್ಟುಕೊಳ್ಳಲಾ ಸರ್?
– ಬಿಸಿಎ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಬೇಡಮ್ಮ. ಸ್ಟ್ರಿಂಗ್ ಇಟ್ಟರೆ ಎಲ್ಲೋ ಒಂದು ಕಡೆ ಸ್ಪೆಲಿಂಗ್ ತಪ್ಪಿದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಈನಮ್ ಆದರೆ ಅಲ್ಲೇ ಹಿಡಿಯುತ್ತದೆ. 2004ರಲ್ಲಿ ಜಾವಾ 5ಕ್ಕೆ ಈನಮ್ ಬಂದಿದ್ದರಿಂದ ಆದ ದೊಡ್ಡ ಉಪಕಾರ ಇದು.

ನಿಮ್ಮ ತೊಂದರೆ ಬೇರೆ. ಸ್ಕ್ರೀನ್ ಮೇಲಿನ ಕನ್ನಡ ಪದವೇ ವ್ಯಾಲ್ಯೂಆಫ್ ಕೈಗೆ ಹೋಗುತ್ತಿದೆ. ವ್ಯಾಲ್ಯೂಆಫ್ ಟುಸ್ಟ್ರಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಈನಮ್‌ನಲ್ಲಿ ಬರೆದ ಮೂಲ ಹೆಸರೇ ಅದಕ್ಕೆ ಬೇಕು. ಕ್ಯಾಪಿಟಲ್ ಬದಲು ಸ್ಮಾಲ್ ಅಕ್ಷರ ಬಂದರೂ, ಕೊನೆಗೊಂದು ಸ್ಪೇಸ್ ಉಳಿದರೂ ಅದೇ ಎಕ್ಸೆಪ್ಷನ್. ಆ ಮೂಲ ಹೆಸರನ್ನು ಕೊಡುವುದು ನೇಮ್ ಮೆಥಡ್. ಅದು ಫೈನಲ್, ಯಾರೂ ಬದಲಿಸುವಂತಿಲ್ಲ. ಟುಸ್ಟ್ರಿಂಗ್ ಅನ್ನು ಯಾರು ಬೇಕಾದರೂ ಬದಲಿಸಬಹುದು, ಅದನ್ನು ನಂಬಿ ಡೇಟಾ ಉಳಿಸಬಾರದು.

ಹಾಗಾಗಿ ಟುಸ್ಟ್ರಿಂಗ್ ಮುಟ್ಟಬೇಡಿ. ಈನಮ್‌ಗೆ ‘ಲೇಬಲ್’ ಅಂತ ಒಂದು ಫೀಲ್ಡ್ ಕೊಟ್ಟು, ಕನ್‌ಸ್ಟ್ರಕ್ಟರ್‌ನಲ್ಲಿ ಕನ್ನಡ ಪದ ತುಂಬಿ. ಡ್ರಾಪ್‌ಡೌನ್‌ನಲ್ಲಿ ಕಾಣುವುದು ಲೇಬಲ್, ಸರ್ವರ್‌ಗೆ ಹೋಗುವುದು ನೇಮ್. ಎಚ್‌ಟಿಎಂಎಲ್‌ನ ಆಪ್ಷನ್ ಟ್ಯಾಗ್‌ನಲ್ಲಿ ವ್ಯಾಲ್ಯೂಗೆ ಬೇರೆ ಜಾಗ ಇದೆಯಲ್ಲ, ಅಲ್ಲಿ ನೇಮ್ ಹಾಕಿ.

‘ಲೇಬಲ್ ಹಿಡಿದೇ ಹುಡುಕಿದರೆ ಆಗಲ್ವಾ?’ ಅಂತ ನೀವು ಕೇಳಬಹುದು. ಕನ್ನಡದಲ್ಲಿ ಅಲ್ಲೊಂದು ಗುಂಡಿ ಇದೆ. ‘ಕೊಟ್ಟಿದೆ’ಯ ‘ಕೊ’ ನೋಡಿ. ಯೂನಿಕೋಡ್‌ನಲ್ಲಿ ಆ ಒಕಾರದ ಗುರುತಿಗೆ ತನ್ನದೇ ಒಂದು ಕೋಡ್ ಇದೆ. ಅದರ ಬದಲು ಎಕಾರ, ಊಕಾರದ ಗುರುತುಗಳನ್ನು ಅಕ್ಕಪಕ್ಕ ಇಟ್ಟರೂ ಮೂಡುವುದು ಅದೇ ‘ಕೊ’. ಕಣ್ಣಿಗೆ ಎರಡೂ ಒಂದೇ. ಲೆಂಗ್ತ್ ಕೇಳಿ ನೋಡಿ, ಒಂದಕ್ಕೆ 2, ಇನ್ನೊಂದಕ್ಕೆ 3. ಈಕ್ವಲ್ಸ್ ಹಾಕಿದರೆ ಫಾಲ್ಸ್. ಜಾವಾದ ನಾರ್ಮಲೈಜರ್‌ನಲ್ಲಿ ಎನ್‌ಎಫ್‌ಸಿ (ಬಿಡಿ ಗುರುತುಗಳನ್ನು ಒಂದಾಗಿ ಕೂಡಿಸುವ ರೂಪ) ಆರಿಸಿದರೆ ಎರಡೂ ಒಂದಾಗುತ್ತವೆ. ಆದರೆ ‘ಬುಕ್’ ಎಂಬಂಥ ಪದದ ಕೊನೆಗೆ ಟೈಪ್ ಮಾಡುವಾಗ ಸೇರಿಕೊಳ್ಳುವ, ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಇರುತ್ತಲ್ಲ, ಅದು ಎನ್‌ಎಫ್‌ಸಿಗೂ ಜಗ್ಗಲ್ಲ, ಅಂಚಿನ ಸ್ಪೇಸ್ ತೆಗೆಯುವ ಸ್ಟ್ರಿಪ್‌ಗೂ ಜಗ್ಗಲ್ಲ. ನಾನಂತೂ ಕನ್ನಡ ಲೇಬಲ್ ಹಿಡಿದು ಹುಡುಕುವ ಕೋಡ್ ಕಂಡರೆ ಅಳಿಸಿಯೇ ಬಿಡುತ್ತೇನೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡೇಟಾಬೇಸ್‌ಗೆ ಜೆಪಿಎ (ಜಾವಾ ಆಬ್ಜೆಕ್ಟ್ ಅನ್ನು ಟೇಬಲ್‌ನಲ್ಲಿ ಉಳಿಸುವ ವ್ಯವಸ್ಥೆ) ಬಳಸುತ್ತಿದ್ದರೆ, ನೀವು ಏನೂ ಹೇಳದಿದ್ದಾಗ ಅದು ಈನಮ್‌ನ ಕ್ರಮಸಂಖ್ಯೆಯನ್ನು ಉಳಿಸುತ್ತದೆ. ಅವೈಲಬಲ್ 0, ಇಶ್ಯೂಡ್ 1, ಲಾಸ್ಟ್ 2. ನಾಳೆ ಲೈಬ್ರರಿಯನ್ ಬಂದು ‘ರಿಸರ್ವ್ಡ್ ಕೂಡ ಬೇಕು’ ಅಂದರು, ನೀವು ಅದನ್ನು ಅವೈಲಬಲ್ ಆದ ಮೇಲೆ ಸೇರಿಸಿದಿರಿ ಅನ್ನಿ. ಮನೆಗೆ ಹೋದ ಪುಸ್ತಕಗಳೆಲ್ಲ ರಿಸರ್ವ್ಡ್! ಕಳೆದು ಹೋದದ್ದೆಲ್ಲ ಯಾರದೋ ಕೈಯಲ್ಲಿ! ಎರರ್ ಒಂದೂ ಬರುವುದಿಲ್ಲ. ಆ ಫೀಲ್ಡ್ ಮೇಲೆ ಎನ್ಯುಮರೇಟೆಡ್ ಅನೊಟೇಶನ್ ಹಾಕಿ, ಒಳಗೆ ಈನಮ್‌ಟೈಪ್ ಡಾಟ್ ಸ್ಟ್ರಿಂಗ್ ಕೊಡಿ. ಆಗ ಟೇಬಲ್‌ನಲ್ಲಿ ಹೆಸರೇ ಇರುತ್ತದೆ. ಆಮೇಲೆ ಹೆಸರು ಬದಲಿಸಲೇಬೇಕಾಗಿ ಬಂದರೆ ಟೇಬಲ್‌ನಲ್ಲೂ ಒಂದು ಅಪ್‌ಡೇಟ್ ಓಡಿಸಿ.